ದೇವಕ್ಕ ಮನೇಲಿ ಇದ್ದಾ?

ಆ ದಿನ ಸಭೆಯಲ್ಲಿ ಪರಿಮಳಕ್ಕ ಎದ್ದು ನಿಂತದ್ದು ಕರುಣೆಯಿಂದ ಎಂದು ಶಿರಸಿಯ ಮಹಿಳಾ ಬಳಗದವರೆಲ್ಲ ನಂಬಿದ್ದರು. ಅವಳನ್ನು ಎಬ್ಬಿಸಿದ್ದು ಕರುಣೆಯಲ್ಲ, ಸ್ಫೂರ್ತಿ. (ಒಳಗಿನಿಂದ ಉಕ್ಕಿ ಬರುತ್ತದೆ ಎನ್ನುತ್ತಾರಲ್ಲ, ಆ ಸ್ಫೂರ್ತಿಯಲ್ಲ. ಎರಡನೆಯ ಸಾಲಿನಲ್ಲಿ ಕೂತಿದ್ದ ಸ್ಫೂರ್ತಿ ಎಂಬ ಹೆಸರಿನ ಹೆಂಗಸು. ಬಳಗದ ಕಾರ್ಯದರ್ಶಿ. ಹಿಂದಿನ ವರ್ಷ ರಕ್ತದಾನ ಶಿಬಿರ ಮಾಡಿಸಿ ಪೇಪರಿನಲ್ಲಿ ತನ್ನ ಫೋಟೊ ಬರುವ ಹಾಗೆ ನೋಡಿಕೊಂಡವಳು.) ಆ ಫೋಟೊ ನೋಡಿದಂದಿನಿಂದ ಪರಿಮಳಕ್ಕನಿಗೆ ಊಟ ರುಚಿಸುತ್ತಿರಲಿಲ್ಲ. ತಾನೂ ಏನಾದರೂ ಘನಕಾರ್ಯ ಮಾಡಬೇಕು, ಅದೂ ಸೂಜಿ ಚುಚ್ಚಿಸಿಕೊಳ್ಳದೆ ಮಾಡಬೇಕು ಎಂದು ಅವಳು ಹವಣಿಸುತ್ತಲೇ ಇದ್ದಳು.

ಸಭೆಗೆ ಅತಿಥಿಯಾಗಿ ಬಂದವರು ಸಾವಿತ್ರವ್ವ. ಹಾವೇರಿ ಕಡೆಯವರು. ಎಕ್ಕಂಬಿಯ ಹತ್ತಿರ ಒಂದು ವಸತಿ ಕೇಂದ್ರ ನಡೆಸುತ್ತಾರೆ. ಅಲ್ಲಿರುವವರಿಗೆಲ್ಲ ಮೈಗೆ ವಯಸ್ಸಾಗಿದೆ, ಬುದ್ಧಿಗೆ ಆಗಿಲ್ಲ.

"ನಮ್ಮಲ್ಲಿ ಊಟ ಐತ್ರಿ, ಹಾಸಿಗಿ ಐತ್ರಿ. ಮನಿ ಒಂದು ಇಲ್ಲ," ಎಂದರು ಸಾವಿತ್ರವ್ವ. "ಒಬ್ಬರನ್ನ ನಿಮ್ಮ ಮನೀಗೆ ಕರ್ಕೊಂಡು ಹೋಗಿ, ಮನಿ ಮಂದಿ ಹಂಗ ಇಟ್ಕೊಳ್ಳೋರು ಯಾರರ ಅದೀರೇನು? ಮೊದಲ ಒಂದು ತಿಂಗಳು ಇಟ್ಕೊಂಡು ನೋಡ್ರಿ. ಆಮೇಲೆ ನಾ ಬಂದು ಕೇಳ್ತೀನಿ, ಇರ್ತೀಯೋ ಬರ್ತೀಯೋ ಅಂತ. ನಿಮ್ಮನ್ನ ಕೇಳೂದಿಲ್ಲ ಮತ್ತ. ಅವರನ್ನ ಕೇಳ್ತೀನಿ."

ಸಭೆಯಲ್ಲಿ ಒಬ್ಬೊಬ್ಬರೂ ತಮ್ಮ ವ್ಯಾನಿಟಿ ಬ್ಯಾಗಿನೊಳಗೆ ಏನನ್ನೋ ಹುಡುಕತೊಡಗಿದರು. ಆಗ ಸ್ಫೂರ್ತಿ ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು ಏಳುವ ಸನ್ನಾಹ ಮಾಡಿದ್ದು ಪರಿಮಳಕ್ಕನ ಕಣ್ಣಿಗೆ ಬಿತ್ತು. ಇನ್ನು ತಡಮಾಡಿದರೆ ಈ ಪುಣ್ಯವೂ ಅವಳ ಪಾಲಾಗುತ್ತದೆ! ಪರಿಮಳಕ್ಕ ಮೊಣಕಾಲಿನ ನೋವನ್ನೂ ಮರೆತು ಠಕ್ಕನೆ ಎದ್ದು ನಿಂತಳು. "ಎಂಗಳ ಮನೆ ಬಾಗಿಲು ತೆರೆದಿದ್ದು!" ಎಂದು ಸಾರಿದಳು. ಚಪ್ಪಾಳೆಯೋ ಚಪ್ಪಾಳೆ. ಆ ಚಪ್ಪಾಳೆಯ ನಡುವೆಯೇ ಸ್ಫೂರ್ತಿ ಎದ್ದು ಬಚ್ಚಲುಮನೆಯ ಕಡೆ ಹೋದಳು. ಅವಳು ಏಳಲು ಹೊರಟಿದ್ದು ಅಷ್ಟಕ್ಕೇ ಆಗಿತ್ತು.

ಮನೆಯಲ್ಲಿ ಗಂಡ ಗಣಪಣ್ಣ, ಸೊಸೈಟಿಯ ಕೆಲಸದಿಂದ ನಿವೃತ್ತನಾದ ಸಾಧು ಪ್ರಾಣಿ, ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದ.

"ಒಂದು ಮಾತು ಎನ್ನ ಕೇಳಿದ್ರೆ ಎಂತ ಹೋಗ್ತಿತ್ತು ನಿಂಗೆ?" ಎಂದ.

"ನಿಂಗಕ್ಕೆ ಎಂತ ಗೊತ್ತಾಗ್ತು? ಪುಣ್ಯದ ಕೆಲಸ. ಮಗು ಇದ್ದಾಂಗೆ ಇರ್ತಡ."

"ಎಷ್ಟು ವರ್ಷದ ಮಗು?"

"ನಲವತ್ತೊಂದು."

ಗಣಪಣ್ಣ ಕವಳ ಉಗಿಯಲು ಎದ್ದು ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ.

ಮರುವಾರ ಆಟೋದಲ್ಲಿ ಆ ಮಗು ಬಂದಿಳಿಯಿತು. ಕುಳ್ಳಗೆ, ಗುಂಡಗೆ, ತಲೆತುಂಬ ಅಬ್ಬಲಿಗೆ ಹೂವು, ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಬನವಾಸಿ ಕಡೆಯ ಊರು. ತಾಯಿ ಹೋದ ಮೇಲೆ ಕೆಲವು ಕಾಲ ಅಣ್ಣನ ಮನೆಯಲ್ಲಿದ್ದು, ಆಮೇಲೆ ಕೇಂದ್ರ ಸೇರಿದವಳು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಪರಿಮಳಕ್ಕ "ಬಾ ಮಗಳೇ" ಎನ್ನಬೇಕು, ಗಣಪಣ್ಣ ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಬೇಕು ಎಂದು ಮೊದಲೇ ಏರ್ಪಾಡಾಗಿತ್ತು. ಆದರೆ ಬಂದವಳ ಹೆಸರು ದೇವಕ್ಕ. ಮಗಳೇ ಎಂದರೆ ಅವಳು ಹಿಂದೆ ತಿರುಗಿ, ಯಾರನ್ನು ಕರೆಯುತ್ತಾರೆ ಎಂದು ಹುಡುಕಿದಳು. "ದೇವಿ" ಎಂದು ಕರೆದು ನೋಡಿದಳು ಪರಿಮಳಕ್ಕ.

"ದೇವಿ ಗುಡ್ಯಾಗ ಇರ್ತಾಳ," ಎಂದಳು ಅವಳು. "ನಾ ದೇವಕ್ಕ."

ಹೀಗೆ ಐವತ್ತನಾಲ್ಕರ ಪರಿಮಳಕ್ಕ ನಲವತ್ತೊಂದರವಳನ್ನು ಅಕ್ಕಾ ಅಕ್ಕಾ ಎನ್ನುತ್ತ ಹಿಂದೆ ಓಡಾಡುವಂತಾಯಿತು. ದೇವಕ್ಕ ಇವಳನ್ನು "ಎವ್ವಾ" ಎನ್ನುತ್ತಿದ್ದಳು. ಅದೊಂದು ಸಮಾಧಾನ.

ಮೊದಲ ಕೆಲವು ದಿನ ಪರಿಮಳಕ್ಕ ನಿಜವಾಗಿಯೂ ಮೈಮುರಿದು ದುಡಿದಳು. ಇದನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ದೇವಕ್ಕನಿಗೆ ರವಿಕೆಯ ಹುಕ್ಕು ಹಾಕಿಕೊಳ್ಳಲು ಬಾರದು, ಇವಳು ಹಾಕುತ್ತಿದ್ದಳು. ಸ್ನಾನದ ನೀರು ಒಂದು ಚೂರು ಬಿಸಿ ಹೆಚ್ಚಾದರೂ ದೇವಕ್ಕ ಬಚ್ಚಲಲ್ಲೇ ಕೂಗು ಹಾಕುತ್ತಿದ್ದಳು, ಇವಳು ತಣ್ಣೀರು ಬೆರೆಸುತ್ತಿದ್ದಳು. ಉಗುರು ತೆಗೆಯುವುದೆಂದರೆ ಅರ್ಧ ಬೆಳಗಿನ ಕೆಲಸ, ಒಂದೊಂದು ಬೆರಳಿಗೂ ಒಂದೊಂದು ಪಂಚಾಯ್ತಿಕೆ. ಊಟದ ವಿಷಯ ಮಾತ್ರ ಪರಿಮಳಕ್ಕನ ಸ್ವಾಭಿಮಾನಕ್ಕೇ ಕೈ ಹಾಕಿತು. ಊರಿಗೆಲ್ಲ ಹೆಸರಾದ ಅವಳ ಮಾವಿನಕಾಯಿಯ ಅಪ್ಪೆಹುಳಿಯನ್ನು ದೇವಕ್ಕ ನಾಲಿಗೆಯ ತುದಿಗೆ ಮುಟ್ಟಿಸಿ, "ಎವ್ವಾ, ಕೆಟ್ಟೈತಿ," ಎಂದು ಬಟ್ಟಲನ್ನು ದೂರ ಸರಿಸಿದಳು. ಗಣಪಣ್ಣ ನಕ್ಕ. ಮೂವತ್ತು ವರ್ಷ ಅದನ್ನೇ ಹೇಳಲು ಧೈರ್ಯ ಸಾಲದೆ ಉಂಡವನ ನಗು ಅದು.

ಗಣಪಣ್ಣನಿಗೂ ದೇವಕ್ಕನಿಗೂ ಬಹಳ ಬೇಗ ಹೊಂದಿಕೆಯಾಯಿತು. ಮಧ್ಯಾಹ್ನ ಇಬ್ಬರೂ ಚನ್ನೆಮಣೆ ಇಟ್ಟುಕೊಂಡು ಕೂತುಬಿಡುತ್ತಿದ್ದರು. ದೇವಕ್ಕನಿಗೆ ಲೆಕ್ಕ ಬಾರದು, ಆದ್ದರಿಂದ ಬೇಕಾದಷ್ಟು ಕಾಯಿ ಎತ್ತಿಕೊಳ್ಳುತ್ತಿದ್ದಳು. ಗಣಪಣ್ಣನಿಗೆ ಲೆಕ್ಕ ಬರುತ್ತದೆ, ಆದ್ದರಿಂದ ದಿನಾ ಸೋಲುತ್ತಿದ್ದ ಮತ್ತು ದಿನಾ ಜಗಳ ತೆಗೆಯುತ್ತಿದ್ದ.

ಇತ್ತ ಪರಿಮಳಕ್ಕನ ಮೊಬೈಲಿನ ಸ್ಟೇಟಸ್ಸಿನಲ್ಲಿ ದೇವಕ್ಕ ದಿನಕ್ಕೊಂದು ಅವತಾರದಲ್ಲಿ ಕಾಣಿಸಿಕೊಳ್ಳುತ್ತಿದ್ದಳು. ದೇವಕ್ಕನಿಗೆ ಜಡೆ ಹಾಕುತ್ತಿರುವ ಪರಿಮಳಕ್ಕ, ದೇವಕ್ಕನಿಗೆ ತುತ್ತು ಕೊಡುತ್ತಿರುವ ಪರಿಮಳಕ್ಕ. (ತುತ್ತು ತಾನೇ ತಿನ್ನಬಲ್ಲೆ ಎಂದು ದೇವಕ್ಕ ತಕರಾರು ಮಾಡಿದ್ದು ಫೋಟೊದಲ್ಲಿ ಕಾಣುವುದಿಲ್ಲ.) ಸಿದ್ದಾಪುರದಿಂದ, ಯಲ್ಲಾಪುರದಿಂದ, ಎಲ್ಲೆಲ್ಲಿಂದಲೋ ಕೈಮುಗಿದ ಚಿಹ್ನೆಗಳು ಬಂದು ಬಿದ್ದವು. ಪರಿಮಳಕ್ಕನಿಗೆ ಅಪ್ಪೆಹುಳಿಯ ಅವಮಾನವೂ ಮರೆತುಹೋಯಿತು.

ಎಡವಟ್ಟಾದದ್ದು ಜನ ನೋಡಲು ಬರತೊಡಗಿದಾಗ. ಮೊದಲು ಬಂದವರು ಪಕ್ಕದ ಮನೆಯ ಪ್ರಮೋದನ ತಾಯಿ. ದೇವಕ್ಕ ಅವರ ಪಕ್ಕದಲ್ಲೇ ಕೂತು ಚಹಾ ಕುಡಿದಳು, ಅವರ ಇಳಕಲ್ ಸೀರೆಯ ಸೆರಗಿನಲ್ಲೇ ಬಾಯಿ ಒರೆಸಿಕೊಂಡಳು, ಮತ್ತೆ ಅತ್ಯಂತ ಪ್ರೀತಿಯಿಂದ, "ನೀವು ಗೇಟು ತಗ್ಯೂದು ನೋಡಿ ನಮ್ಮ ಎವ್ವ 'ಬಂತು ಶನಿ' ಅಂದ್ಲುರಿ," ಎಂದಳು.

ಪ್ರಮೋದನ ತಾಯಿ ಆಮೇಲೆ ಆ ಗೇಟು ತೆಗೆಯಲಿಲ್ಲ. ಎರಡನೆಯ ಸಲ ಪರಿಮಳಕ್ಕನ ಅಣ್ಣನ ಮನೆಯವರು ಬಂದಿದ್ದಾಗ ದೇವಕ್ಕ ಒದ್ದೆ ಮೈಯಲ್ಲಿ, ಹುಕ್ಕು ಹಾಕಿಸಿಕೊಳ್ಳಲೆಂದು, ನೇರ ಜಗಲಿಗೇ ಬಂದುಬಿಟ್ಟಳು. ಗಂಡಸರೆಲ್ಲ ಒಟ್ಟಿಗೆ ಮಾಡಿನ ಹಂಚು ನೋಡಿದರು.

ಆ ರಾತ್ರಿ ಪರಿಮಳಕ್ಕನಿಗೆ ಮೊದಲ ಬಾರಿಗೆ ನಾಚಿಕೆಯಾಯಿತು. ನಾಚಿಕೆ ಆದದ್ದು ದೇವಕ್ಕನ ಬಗ್ಗೆ. (ತನ್ನ ಬಗ್ಗೆ ಆಗುವ ನಾಚಿಕೆ ಇನ್ನೂ ದಾರಿಯಲ್ಲಿತ್ತು.) ತಿಂಗಳು ಹೇಗೂ ಮುಗಿಯುತ್ತದೆ, ಸಾವಿತ್ರವ್ವ ಬಂದು ಕೇಳುತ್ತಾರೆ, ಖಾರವಿಲ್ಲದ ಅಡುಗೆ ಉಂಡು ಬೇಸತ್ತ ದೇವಕ್ಕ ತಾನಾಗಿಯೇ ವಾಪಸ್ ಬರುತ್ತೇನೆ ಎನ್ನುತ್ತಾಳೆ, ಆಗ ತಾನು ಸೆರಗಿನಿಂದ ಕಣ್ಣೊರೆಸಿಕೊಂಡು ಬೀಳ್ಕೊಟ್ಟರಾಯಿತು, ಮರ್ಯಾದೆಗೂ ಧಕ್ಕೆಯಿಲ್ಲ ಎಂದು ಅವಳು ಮನಸ್ಸಿನಲ್ಲೇ ಗುಣಿಸಿದಳು, ಗುಣಿಸಿದ್ದನ್ನು ಮರುದಿನ ಫೋನಿನಲ್ಲಿ ಯಲ್ಲಾಪುರದ ಅತ್ತಿಗೆಗೂ ಹೇಳಿದಳು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಂಡರೆ ಸಾಕು.

ಆದರೆ ಸ್ಟೇಟಸ್ ನೋಡಿದ ಜನ ಬಿಡಬೇಕಲ್ಲ! ಬಳಗದ ಒಬ್ಬರಾದ ಮೇಲೆ ಒಬ್ಬರು ಫೋನು ಮಾಡುವವರೇ, ಗೇಟಿನ ಹತ್ತಿರ ಬಂದು ಕೂಗುವವರೇ.

"ಪರಿಮಳಕ್ಕಾ, ದೇವಕ್ಕ ಮನೇಲಿ ಇದ್ದಾ? ನೋಡ್ಲೆ ಬಪ್ಪನ ಹೇಳಿ ಮಾಡಿದ್ದೆ."

"ಇಲ್ಲೆ, ಡಾಕ್ಟರ ಹತ್ರ ಹೋಯ್ದು."

"ದೇವಕ್ಕ ಇದ್ದಾ?"

"ಇಲ್ಲೆ. ಇವರ ಜೊತಿಗೆ ಪ್ಯಾಟಿಗೆ ಹೋಯ್ದು."

ಹೀಗೆ ಹೇಳುವಾಗೆಲ್ಲ ದೇವಕ್ಕ ಅಲ್ಲೇ ಎರಡು ಮಾರು ದೂರದಲ್ಲಿ, ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿರುತ್ತಿದ್ದಳು. ತನ್ನ ಹೆಸರು ಕೇಳಿದೊಡನೆ ಕಿವಿ ನಿಮಿರಿಸುತ್ತಿದ್ದಳು, ಪರಿಮಳಕ್ಕನ ಉತ್ತರ ಕೇಳಿ ಮುಖವರಳಿಸಿ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದಳು. ಪಾಪ, ಇದಕ್ಕೇನೂ ತಿಳಿಯುವುದಿಲ್ಲ ಎಂದುಕೊಳ್ಳುತ್ತಿದ್ದಳು ಪರಿಮಳಕ್ಕ. ಗಣಪಣ್ಣ ಒಮ್ಮೆ ಮೆಲ್ಲಗೆ, "ಎದುರಿಗೇ ನಿಂತ ಮನುಷ್ಯರನ್ನ ಇಲ್ಲೆ ಹೇಳ್ತ್ಯಲೇ, ಬಾಯಿ ಹ್ಯಾಂಗೆ ಬತ್ತು?" ಎಂದು ಕೇಳಿದ್ದಕ್ಕೆ ಅವನಿಗೆ ಆ ಸಂಜೆ ಚಹಾ ಸಿಗಲಿಲ್ಲ.

ಕೊನೆಗೆ ತಪ್ಪಿಸಿಕೊಳ್ಳಲಾಗದ ದಿನ ಬಂತು. ಬಳಗದ ತಿಂಗಳ ಕೂಟ ಸರದಿಯ ಪ್ರಕಾರ ಪರಿಮಳಕ್ಕನ ಮನೆಯಲ್ಲೇ ಆಗಬೇಕಿತ್ತು. ಮನೆಯ ಬಾಗಿಲು ತೆರೆದಿದೆ ಎಂದು ಯಾರೆದುರು ಸಾರಿದ್ದಳೋ ಅವರೇ ಆ ಬಾಗಿಲಿನಿಂದ ಒಳಗೆ ಬರುವವರಿದ್ದರು. ಪರಿಮಳಕ್ಕ ಸಿಹಿತಿಂಡಿಯೆಂದು ತೊಡದೇವು ತರಿಸಿದಳು, ಕಷಾಯ ಕಾಯಿಸಿದಳು, ದೇವಕ್ಕನನ್ನೂ ಗಣಪಣ್ಣನನ್ನೂ ಚನ್ನೆಮಣೆಯ ಸಮೇತ ಹಿಂದಿನ ಉಗ್ರಾಣದ ಕೋಣೆಗೆ ದಾಟಿಸಿದಳು.

"ಆನು ಕರೆಯುವವರೆಗೂ ಹೊರಗೆ ಬಪ್ಲಾಗ," ಎಂದು ಗಂಡನಿಗೆ ತಾಕೀತು ಮಾಡಿದಳು. ದೇವಕ್ಕನಿಗೆ ಅರ್ಥವಾಗಲೆಂದು ಬಿಡಿಸಿ ಹೇಳಿದಳು: "ದೇವಕ್ಕಾ, ಇಲ್ಲಿ ಸುಮ್ಮನೆ ಕೂತ್ಕೊಂಡಿರು. ಕರೆದಾಗ ಬಾ."

"ಹೂಂ ಎವ್ವಾ. ಕರದಾಗ ಬರ್ತೀನಿ."

ಗಣಪಣ್ಣ ಮೂರು ಆಟ ಸೋತು, ಗೋಡೆಗೆ ಒರಗಿ ನಿದ್ದೆ ಹೋದ.

ಜಗಲಿಯಲ್ಲಿ ಹೆಂಗಸರ ಮಾತು ಜೋರಾಗಿತ್ತು. ತೊಡದೇವಿನ ಮೇಲೆ ತುಪ್ಪ ಬಡಿಸುತ್ತಿದ್ದ ಪರಿಮಳಕ್ಕನನ್ನು ಸ್ಫೂರ್ತಿ ತಡೆದು ಕೇಳಿದಳು: "ತಿಂಡಿ ಆಮೇಲೆ ಆಗ್ಲಿ ಪರಿಮಳಕ್ಕಾ. ಎಂಗ ಎಲ್ಲ ದೇವಕ್ಕನ್ನ ನೋಡವು ಹೇಳೇ ಬಂದಿದ್ದು. ಎಲ್ಲಿದ್ದು ಅದು? ಇವತ್ತಾದ್ರೂ ದೇವಕ್ಕ ಮನೇಲಿ ಇದ್ದಾ?"

ಪರಿಮಳಕ್ಕ ಗಟ್ಟಿಯಾಗಿ, ಸ್ವಲ್ಪವೂ ಅಳುಕದೆ ಹೇಳಿದಳು: "ಇಲ್ಲೆ."

"ಇಲ್ಲೇ ಅದೀನ್ರೀ!"

ಉಗ್ರಾಣದ ಬಾಗಿಲು ಧಡಾರನೆ ತೆರೆಯಿತು. ಮೂಗಿನ ಮೇಲೆ ಜೇಡರ ಬಲೆ, ಮುಷ್ಟಿಯ ತುಂಬ ಚನ್ನೆಕಾಯಿ, ಮುಖದ ತುಂಬ ನಗು. ದೇವಕ್ಕ ಜಗಲಿಯ ನಡುವೆ ಬಂದು ನಿಂತು ಎಲ್ಲರಿಗೂ ಕೈಮುಗಿದಳು. ಅವಳ ಹಿಂದೆ ಕಣ್ಣುಜ್ಜಿಕೊಳ್ಳುತ್ತ ಗಣಪಣ್ಣನೂ ಬಂದವನು, ಸಭೆಯನ್ನು ಕಂಡು ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ತುಪ್ಪದ ಚಮಚ ಪರಿಮಳಕ್ಕನ ಕೈಯಲ್ಲೇ ಉಳಿಯಿತು. "ತಮಾಷೆ ಮಾಡಿದ್ದೆ," ಎಂದಳು. ಯಾರೂ ನಗಲಿಲ್ಲ. ಸ್ಫೂರ್ತಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗೇಟಿನಲ್ಲಿ ಆಟೋ ನಿಂತ ಸದ್ದಾಯಿತು, ಸಾವಿತ್ರವ್ವ ಇಳಿದರು. ತಿಂಗಳಾಯಿತು, ಎಲ್ಲರೂ ಸೇರಿದಾಗಲೇ ಬಂದು ಕೇಳಲಿ, ಪರಿಮಳಕ್ಕನಿಗೂ ಸಂತೋಷವಾಗುತ್ತದೆ ಎಂದು ಸ್ಫೂರ್ತಿಯೇ ಅವರನ್ನು ಹೇಳಿಕಳುಹಿಸಿ ಕರೆಸಿದ್ದಳು. ಅವಳ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ, ಅದೇ ಪರಿಮಳಕ್ಕನಿಗೆ ಇನ್ನಷ್ಟು ಕಷ್ಟವಾಯಿತು.

ಸಾವಿತ್ರವ್ವ ದೇವಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಮೂಗಿನ ಮೇಲಿನ ಬಲೆ ತೆಗೆದರು.

"ಏನವಾ ದೇವಕ್ಕ, ಹೆಂಗದಿ? ನನ್ನ ಕೂಡ ವಾಪಸ್ ಬರ್ತೀಯೇನು, ಈ ಎವ್ವನ ಮನ್ಯಾಗ ಇರ್ತೀಯೇನು? ಖರೇ ಹೇಳು."

ಬರ್ತೀನಿ ಅನ್ನು ತಾಯೀ, ಎಂದು ಪರಿಮಳಕ್ಕನ ಒಳಗೊಂದು ದನಿ ಬೇಡುತ್ತಿತ್ತು.

"ಇಲ್ಲೇ ಇರ್ತೀನ್ರಿ," ಎಂದಳು ದೇವಕ್ಕ.

"ಯಾಕ? ಊಟ ಸೇರ್ತೈತೇನು?"

"ಊಟ ಸೇರೂದಿಲ್ರಿ. ಸಪ್ಪಗ ಇರ್ತೈತಿ. ಆದ್ರ ಎವ್ವ ಚಲೋ ಅದಾಳ್ರಿ." ದೇವಕ್ಕ ಚನ್ನೆಕಾಯಿಗಳನ್ನು ಮಡಿಲಿಗೆ ಸುರಿದುಕೊಂಡು, ಕೈ ಖಾಲಿ ಮಾಡಿಕೊಂಡು, ವಿವರವಾಗಿ ಹೇಳಿದಳು. "ನಮ್ಮಣ್ಣನ ಮನ್ಯಾಗ ಮಂದಿ ಬಂದ್ರ ನನ್ನ ಒಳಗ ಹಾಕ್ತಿದ್ರು. ದೇವಕ್ಕ ಎಲ್ಲಿ ಅಂತ ಕೇಳಿದ್ರ 'ಇಲ್ಲ, ಇಲ್ಲ' ಅಂತಿದ್ರು. ನಾ ಒಳಗ ಕುಂತು ಅಳ್ತಿದ್ದೆ. ಈ ಎವ್ವ ಹಂಗ ಮಾಡೂದಿಲ್ರಿ. ಫೋನ್ ಬಂದು ಕೇಳಿದ್ರೂ 'ಇಲ್ಲೇ' ಅಂತಾಳ. ಗೇಟಿಗೆ ಬಂದು ಕೇಳಿದ್ರೂ 'ಇಲ್ಲೇ' ಅಂತಾಳ. ಯಾರ ಕೇಳಿದ್ರೂ 'ಇಲ್ಲೇ' ಅಂತಾಳ್ರಿ. ಈಗೂ ಅಂದ್ಲು. ಅದಕ್ಕ ನಾ ಓಡಿ ಬಂದೆ."

(ನಮ್ಮ ಕಡೆಯ ಹವ್ಯಕರ ಮಾತಿನಲ್ಲಿ 'ಇಲ್ಲೆ' ಎಂದರೆ 'ಇಲ್ಲ'. ಉಳಿದ ಕರ್ನಾಟಕಕ್ಕೆಲ್ಲ 'ಇಲ್ಲೇ' ಎಂದರೆ ಇದೇ ಜಾಗದಲ್ಲಿ, ಎದುರಿಗೇ ಎಂದು. ನಡುವೆ ಇರುವುದು ಒಂದು ದೀರ್ಘ ಮಾತ್ರ. ದೇವಕ್ಕನ ಕಿವಿ ಆ ದೀರ್ಘವನ್ನು ತಾನೇ ಸೇರಿಸಿಕೊಂಡಿತ್ತು.)

ಜಗಲಿಯಲ್ಲಿದ್ದ ಹೆಂಗಸರೆಲ್ಲ ಅದೇ ಮಾತಾಡುವವರು. ತಮಗೆ ಸಿಕ್ಕಿದ 'ಇಲ್ಲೆ'ಯನ್ನು ಪ್ರತಿಯೊಬ್ಬರೂ ನೆನಪು ಮಾಡಿಕೊಂಡರು. ಡಾಕ್ಟರ ಹತ್ತಿರ ಹೋದ 'ಇಲ್ಲೆ' ಒಬ್ಬರಿಗೆ, ಪೇಟೆಗೆ ಹೋದ 'ಇಲ್ಲೆ' ಇನ್ನೊಬ್ಬರಿಗೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರೂ ತೊಡದೇವನ್ನು ನೋಡಿದರು. ಅಣ್ಣನ ಮನೆಯವರು ಮಾಡಿದ್ದನ್ನೇ ತಾನೂ ಮಾಡಿದ್ದೆ, ಅದೂ ತುಪ್ಪ ಬಡಿಸುತ್ತ ಮಾಡಿದ್ದೆ ಎಂದು ಪರಿಮಳಕ್ಕನಿಗೆ ಆಗ ತಿಳಿಯಿತು. ಅವಳಿಗೆ ಅಷ್ಟು ನಾಚಿಕೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಸಾವಿತ್ರವ್ವನವರಿಗೆ ಈ ಒಳಸುಳಿ ಗೊತ್ತಾಗಲಿಲ್ಲ. ಅವರ ಕಣ್ಣು ತುಂಬಿ ಬಂತು. "ನೋಡ್ರೀ ತಾಯಿ, ಇಷ್ಟೇ ಬೇಕಾಗಿತ್ತು ಈಕಿಗೆ. ಇದ್ದಾಳ ಅಂತ ಅನ್ನೋರು ಒಬ್ಬರು ಬೇಕಾಗಿತ್ತು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಚಪ್ಪಾಳೆ ತಟ್ಟಿದರು. ಅತಿಥಿ ತಟ್ಟಿದ ಮೇಲೆ ಸದಸ್ಯೆಯರೂ ತಟ್ಟಬೇಕಾಯಿತು. ಅಂಥ ಮೆತ್ತಗಿನ ಚಪ್ಪಾಳೆಯನ್ನು ಆ ಬಳಗ ಹಿಂದೆಂದೂ ತಟ್ಟಿರಲಿಲ್ಲ.

"ಎರಡು ಮಾತು ಆಡ್ರಿ ಪರಿಮಳಕ್ಕ," ಎಂದರು ಸಾವಿತ್ರವ್ವ.

ಭಾಷಣವೆಂದರೆ ಪ್ರಾಣ ಬಿಡುತ್ತಿದ್ದ ಪರಿಮಳಕ್ಕ ಎದ್ದು ನಿಂತು ತುಪ್ಪದ ಚಮಚವನ್ನೇ ತಿರುಗಿಸತೊಡಗಿದಳು. ನಿಜ ಹೇಳಿಬಿಡಬೇಕು ಎನಿಸಿತು. ಆದರೆ ನಿಜ ಹೇಳಿದರೆ ತನ್ನ ಎದೆ ಹಗುರಾಗುತ್ತದೆ, ದೇವಕ್ಕನ ಮುಖ ಏನಾಗುತ್ತದೆ? ಹಾಗೆ ಅವಳು ಒದ್ದಾಡುತ್ತಿರುವಾಗ ಅವಳ ಮೊಬೈಲು ಬಡಿದುಕೊಂಡಿತು. ದೇವರೇ ಕಾಪಾಡಿದ ಎಂದುಕೊಂಡಳು. ಫೋನೆಂದರೆ ಮೊದಲು ಓಡುವವಳು ದೇವಕ್ಕ. ಎತ್ತುವುದನ್ನೂ, ಎತ್ತಿದ ಮೇಲೆ ಊರಿಗೆಲ್ಲ ಕೇಳುವಂತೆ ಸ್ಪೀಕರ್ ಒತ್ತುವುದನ್ನೂ ಗಣಪಣ್ಣ ಅವಳಿಗೆ ಕಲಿಸಿಕೊಟ್ಟಿದ್ದ. ಅವಳು ಎರಡನ್ನೂ ಒತ್ತಿ, ಮೊಬೈಲನ್ನು ಪರಿಮಳಕ್ಕನ ಬಾಯಿಯ ಹತ್ತಿರ ಹಿಡಿದಳು.

ಯಲ್ಲಾಪುರದ ಅತ್ತಿಗೆ, ಗಣಪಣ್ಣನ ಅಕ್ಕ. ಫೋನಿಲ್ಲದಿದ್ದರೂ ಶಿರಸಿಗೆ ಕೇಳುವಷ್ಟು ದೊಡ್ಡ ದನಿ.

"ಪರಿಮಳಾ, ತಿಂಗಳು ಮುಗತ್ತಲೇ! ಆ ದೇವಕ್ಕ ಮನೇಲಿ ಇದ್ದಾ ಇನ್ನೂ? ನೀನೇ ಹೇಳಿದ್ದೆ ಅಲ್ದಾ, ತಿಂಗಳು ಮುಗಿದ್ರೆ ಸಾಕು, ಅದು ತಾನಾಗೇ ಹೋಗ್ತು, ಎಂಗಳ ಮರ್ಯಾದಿನೂ ಉಳಿತು ಹೇಳಿ. ಹೋತಾ ಮಾರಾಯ್ತಿ ಅದು?"

ಇದು ಮಾತ್ರ ಸಾವಿತ್ರವ್ವನವರಿಗೂ ಅರ್ಥವಾಯಿತು. ಮತ್ತೆ ಕಣ್ಣೊರೆಸಲು ಎತ್ತಿದ ಸೆರಗು ಅವರ ಕೈಯಲ್ಲೇ ನಿಂತಿತು. ಅವರು ಪರಿಮಳಕ್ಕನನ್ನು ನೋಡಿದರು. ಅವರು ಏನಾದರೂ ಬೈದಿದ್ದರೆ ಚೆನ್ನಾಗಿತ್ತು.

ದೇವಕ್ಕನಿಗೆ ಆ ದೊಡ್ಡ ದನಿಯಲ್ಲಿ ತಿಳಿದದ್ದು ತನ್ನ ಹೆಸರೊಂದೇ. ಅವಳು ಪರಿಮಳಕ್ಕನನ್ನು ಮೊಣಕೈಯಿಂದ ತಿವಿದಳು. "ನನ್ನ ಕೇಳಾಕತ್ತಾರ. ಹೇಳ ಎವ್ವಾ."

"ಇದ್ದು ಅತ್ತಿಗೆ," ಎಂದಳು ಪರಿಮಳಕ್ಕ. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ. "ಎಂಗಳ ಮನೇಲೇ ಇದ್ದು."

ದೇವಕ್ಕನ ಮುಖ ಬಾಡಿತು. "ಅದಲ್ಲ ಎವ್ವಾ. ದಿನಾ ಅಂತೀಯಲ್ಲ, ಅದನ್ನ ಅನ್ನು."

"ಎಂತ ಹೇಳ್ದೆ? ಕೇಳ್ತಿಲ್ಲೆ," ಎಂದು ಫೋನು ಅರಚಿತು. "ಇದ್ದು ಹೇಳ್ದ್ಯಾ? ಹಂಗಾರೆ ಹೋಗ್ತಿಲ್ಯಾ ಅದು ಇನ್ನು?"

ಜಗಲಿಯ ತುಂಬ ಜನ ಕಾಯುತ್ತಿದ್ದರು. ಸ್ಫೂರ್ತಿ ತಲೆ ತಗ್ಗಿಸಿದ್ದಳು. ದೇವಕ್ಕ ಬಾಯಿ ತೆರೆದುಕೊಂಡು, ಮೊಬೈಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು, ಪರಿಮಳಕ್ಕನ ತುಟಿಯನ್ನೇ ನೋಡುತ್ತಿದ್ದಳು.

"ಇಲ್ಲೆ," ಎಂದಳು ಪರಿಮಳಕ್ಕ.

ಈ ಸಲ ಅದು ಯಲ್ಲಾಪುರದ ಅತ್ತಿಗೆಗೂ ನಿಜ, ಬನವಾಸಿಯ ದೇವಕ್ಕನಿಗೂ ನಿಜ. ದೇವಕ್ಕ ಮೊಬೈಲನ್ನು ಕಂಕುಳಲ್ಲಿ ಇಟ್ಟುಕೊಂಡು, ಒಬ್ಬಳೇ, ಮನೆ ಮೊಳಗುವ ಹಾಗೆ ಚಪ್ಪಾಳೆ ತಟ್ಟಿದಳು. ಪರಿಮಳಕ್ಕ ಆ ಚಪ್ಪಾಳೆ ಮುಗಿಯುವವರೆಗೂ ತಲೆ ಎತ್ತಲಿಲ್ಲ.